ಲಾರಿಯ ಕಿಂಗ್‌ಪಿನ್

ಶಿರಾಡಿ ಘಟ್ಟವನ್ನಿಳಿಯುವ ಲಾರಿಯ ಭಾರವನ್ನು ಕಂಡು ಬೆರಗಾಗುವ ನಾವು, ಅದರ ಮುಂದಿನ ಗಾಲಿಗಳು ಸುಮಾರು ಗೇಣುದ್ದದ ಎರಡು ಉಕ್ಕಿನ ಗೂಟಗಳ ಮೇಲೆ ಹೊರಳುತ್ತವೆಂಬುದನ್ನು ಅರಿಯೆವು. ಅಚ್ಚಿನ ತುದಿಗೂ ಗಾಲಿಯನ್ನು ಹೊತ್ತ ತುಂಡಚ್ಚಿಗೂ ನಡುವೆ, ಬಾಗಿಲ ತಿರುಗಣಿಯಂತೆ ನಿಂತಿರುವ ಈ ಗೂಟಕ್ಕೆ ಗ್ಯಾರೇಜಿನಲ್ಲಿ ಕಿಂಗ್‌ಪಿನ್ ಎಂದು ಹೆಸರು.

ಗ್ರೀಸು ಒಣಗಿತೆಂದರೆ ಅದರ ಸುತ್ತಲಿನ ಕಂಚಿನ ಬುಶ್ ಸವೆಯುತ್ತದೆ. ಗಾಲಿ ಓಲಾಡುತ್ತದೆ, ಟಯರು ಒಂದೇ ಅಂಚಿನಲ್ಲಿ ತೇಯುತ್ತದೆ, ಸ್ಟಿಯರಿಂಗ್ ಚಾಲಕನ ಮಾತನ್ನು ತಡವಾಗಿ ಕೇಳುತ್ತದೆ. ಘಟ್ಟದ ತಿರುವಿನಲ್ಲಿ ಆ ತಡವೇ ಸಾಕು.

ಪರೀಕ್ಷೆ ಸುಲಭ. ಅಚ್ಚನ್ನು ಜಾಕಿನಿಂದೆತ್ತಿ, ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸುವುದು. ಇನ್ನೊಬ್ಬನು ಬ್ರೇಕನ್ನು ತುಳಿದು ಹಿಡಿದಾಗಲೂ ಅಲುಗಾಟ ಉಳಿದರೆ ದೋಷ ಗಾಲಿಯ ಬೇರಿಂಗಿನದಲ್ಲ, ಕಿಂಗ್‌ಪಿನ್ನಿನದು.

ತೆಗೆಯುವುದೇ ಕಷ್ಟ. ತುಕ್ಕಿನಿಂದ ಕಚ್ಚಿಕೊಂಡ ಪಿನ್ನು ಸುತ್ತಿಗೆಗೆ ಜಗ್ಗದೆ ಪ್ರೆಸ್ಸನ್ನು ಬೇಡುವುದುಂಟು. ಹೊಸ ಬುಶ್ಶನ್ನು ಒತ್ತಿ ಕೂರಿಸಿದ ಮೇಲೆ ರೀಮರಿನಿಂದ ಪಿನ್ನಿನ ಅಳತೆಗೆ ಹೆರೆಯಬೇಕು: ಬಿಗಿಯಾದರೆ ಸ್ಟಿಯರಿಂಗ್ ಜಡ, ಸಡಿಲವಾದರೆ ಖರ್ಚೆಲ್ಲ ವ್ಯರ್ಥ. ಎರಡೂ ಬದಿ ಸವೆದಿದ್ದರೂ ಒಂದನ್ನಷ್ಟೇ ಬದಲಿಸಿ ಹಣ ಉಳಿಸುವ ಮಾಲೀಕರಿದ್ದಾರೆ, ಘಟ್ಟವನ್ನಿಳಿಯುವವರು ಅವರಲ್ಲವಷ್ಟೆ! ಬಲ್ಲ ಮೇಸ್ತ್ರಿಯಾದರೋ ಎರಡನ್ನೂ ಜೋಡಿಸಿ, ಬುಶ್ಶಿನಂಚಿನಲ್ಲಿ ಹೊಸ ಗ್ರೀಸು ಇಣುಕುವವರೆಗೆ ಗನ್ನನ್ನು ಒತ್ತುತ್ತಲೇ ಇರುತ್ತಾನೆ.