ಬೆಲ್ಟಿಗೆ ಆಯಿಲ್ ತಾಗಿದರೆ

ಅರೇಬಿಕಾ ಕೊಯ್ಲಿನ ದಿನಗಳು. ಹಾನುಬಾಳು ಕಡೆಯ ಬೆಳೆಗಾರರೊಬ್ಬರು ಬೆಳಿಗ್ಗೆ ಏಳಕ್ಕೇ ತಮ್ಮ ಜಿಪ್ಸಿಯನ್ನು ಬಾಳ್ಳುಪೇಟೆಯ ನನ್ನ ಶೆಡ್ಡಿನ ಮುಂದೆ ತಂದು ನಿಲ್ಲಿಸಿದರು. "ಮೇಸ್ತ್ರಿ, ಬೆಲ್ಟ್ ಹಾಕ್ಸಿ ಆರು ತಿಂಗ್ಳೂ ಆಗಿಲ್ಲ. ನಿಲ್ಸಿದ ಕಡೆಯೆಲ್ಲ ಆಯಿಲ್ ತೊಟ್ಟಿಕ್ತಿದೆ. ಎಂಜಿನ್ ಒಂಚೂರು ತೊಳ್ದು ಕೊಡಿ, ಸಾಕು" ಅಂದರು.

"ತೊಳೆದ್ರೆ ಹೋಗೋ ಕಾಯ್ಲೆ ಅಲ್ಲ ಗೌಡ್ರೇ, ಗಾಡಿ ಬಿಟ್ಟು ಹೋಗಿ" ಅಂದೆ.

ಮುಂದಿನ ಕವರ್ ಬಿಚ್ಚಿದಾಗ ಟೈಮಿಂಗ್ ಬೆಲ್ಟ್ ಮಳೆಗಾಲದ ಜಿಗಣೆಯ ಹಾಗೆ ಊದಿಕೊಂಡು ಹೊಳೆಯುತ್ತಿತ್ತು. ಉಗುರಿನಿಂದ ಒತ್ತಿದರೆ ಹಲ್ಲು ಮೆತ್ತಗೆ ಬಾಗಿತು. ಎಂಜಿನ್ನಿನ ಕೆಳಗೆ ತಿರುಗುವ ಕ್ರ್ಯಾಂಕನ್ನೂ ಮೇಲೆ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮನ್ನೂ ಜೊತೆಗೂಡಿಸುವುದು ಈ ಬೆಲ್ಟ್. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು. ಆ ಲೆಕ್ಕ ತಪ್ಪಬಾರದು. ಹಿಂದೆ ಈ ಕೆಲಸಕ್ಕೆ ಚೈನು, ಗೇರು ಇದ್ದವು. ಹೆಚ್ಚಿನ ಸಂಖ್ಯೆಯಲ್ಲಿ ತಯಾರಾಗುವ ಕಾರಿಗೆ ರಬ್ಬರ್ ಬೆಲ್ಟ್ ಬಂದದ್ದು 1960ರ ದಶಕದ ಆರಂಭದಲ್ಲಿ, ಜರ್ಮನಿಯ ಗ್ಲಾಸ್ ಕಂಪನಿಯ ಗಾಡಿಯಲ್ಲಿ. ಸದ್ದಿಲ್ಲ, ಹಗುರ, ಆಯಿಲ್ ಬೇಡ. ಬೇಡ ಮಾತ್ರವಲ್ಲ, ಇಂಥ ಬೆಲ್ಟಿಗೆ ತಾಗಲೂ ಬಾರದು. ಆಯಿಲ್ ಹೀರಿದ ರಬ್ಬರ್ ಮೆತ್ತಗಾಗಿ ಹಲ್ಲು ಕಿತ್ತುಬರುತ್ತದೆ. ಆಗ ಎಂಜಿನ್ ಅಲ್ಲೇ ನಿಲ್ಲುತ್ತದೆ. ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ಹೆಡ್ಡೇ ಹಾಳಾಗುತ್ತದೆ.

ನಮ್ಮ ಕಡೆ ಇದು ಬರೀ ದುಡ್ಡಿನ ಮಾತಲ್ಲ. ಕಾಯಿಲೆಯವರನ್ನು ಕೂರಿಸಿಕೊಂಡು ಸಕಲೇಶಪುರದಿಂದ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಓಡುವವರು ನಾವು. ಇಳಿಜಾರಿನಲ್ಲಿ ಎಂಜಿನ್ ನಿಂತರೆ ಬ್ರೇಕ್ ಬೂಸ್ಟರಿನ ಬಲವೂ ಒಂದೆರಡು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ಹಿಂದೆ ಮರಳು ಲಾರಿ, ಮುಂದೆ ತಿರುವು.

ಆಯಿಲ್ ಎಲ್ಲಿಂದ ಬಂತು? ಒದ್ದೆಯಾದ ಜಾಗವೇ ಲೀಕ್ ಆದ ಜಾಗ ಅಂದುಕೊಂಡರೆ ಮೋಸ ಹೋಗುತ್ತೇವೆ. ಆಯಿಲ್ ಕೆಳಗೆ ಹರಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ಎರಚುತ್ತದೆ. ಅದಕ್ಕೇ ಮೇಲಿನಿಂದ ಹುಡುಕಬೇಕು: ಮೊದಲು ಟ್ಯಾಪೆಟ್ ಕವರ್ ಪ್ಯಾಕಿಂಗ್, ಆಮೇಲೆ ಕ್ಯಾಮಿನ ತುದಿಯಲ್ಲಿ ಆಯಿಲ್ ತಡೆಯುವ ಕ್ಯಾಮ್ ಸೀಲು, ಕೊನೆಗೆ ಕ್ರ್ಯಾಂಕ್ ಸೀಲು. ಈ ಜಿಪ್ಸಿಯಲ್ಲಿ ಮೇಲಿನ ಎರಡೂ ಒಣಗಿದ್ದವು. ಕ್ರ್ಯಾಂಕ್ ಸೀಲಿನ ತುಟಿ ಬಳೆಯಷ್ಟು ಗಟ್ಟಿಯಾಗಿತ್ತು. ಆರು ತಿಂಗಳ ಹಿಂದೆ ಬೆಲ್ಟ್ ಹಾಕಿದವರು ಸೀಲು ಮುಟ್ಟಿರಲಿಲ್ಲ. ಅಷ್ಟೆಲ್ಲ ಬಿಚ್ಚಿದ ಮೇಲೆ ಸೀಲು ಹಳೆಯದೇ ಬಿಡುವುದು ದೊಡ್ಡ ತಪ್ಪು. ಬಿಚ್ಚುವ ಕೂಲಿಯ ಮುಂದೆ ಸೀಲಿನ ಬೆಲೆ ಏನೂ ಅಲ್ಲ.

ಇನ್ನೊಂದು ಕಾರಣವೂ ಸಿಕ್ಕಿತು. ಆಯಿಲ್ ತುಂಬುವ ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆ ಬಣ್ಣದ ನೊರೆ. ತೋಟದ ಗಾಡಿ ಲೈನ್ ಮನೆಯಿಂದ ಕಣಕ್ಕೆ, ಕಣದಿಂದ ಬಂಗಲೆಗೆ ಎರಡೆರಡು ಕಿಲೋಮೀಟರ್ ಓಡಿ ನಿಲ್ಲುತ್ತದೆ. ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಒಳಗಿನ ನೀರಿನ ಪಸೆ ಆರುವುದಿಲ್ಲ. ಆ ಕೆಸರು ಒಳಗಿನ ಗಾಳಿಯನ್ನು ಹೊರಬಿಡುವ ಪಿಸಿವಿ ವಾಲ್ವಿನಲ್ಲಿ ಕಟ್ಟಿಕೊಂಡರೆ ಎಂಜಿನ್ನಿನ ಉಸಿರು ಹೊರಹೋಗಲು ದಾರಿಯಿಲ್ಲ; ಒತ್ತಡ ಹೆಚ್ಚಿ ಸೀಲಿನ ಸಂದಿಯಿಂದ ಆಯಿಲ್ಲನ್ನು ಹೊರಗೆ ನೂಕುತ್ತದೆ. ಆ ವಾಲ್ವನ್ನು ಹಾಗೇ ಬಿಟ್ಟು ಬರೀ ಸೀಲು ಬದಲಿಸಿದ್ದರೆ ಮುಂದಿನ ಕೊಯ್ಲಿಗೆ ಗೌಡರು ಮತ್ತೆ ಬರುತ್ತಿದ್ದರು.

ಟೈಮಿಂಗ್ ಗುರುತು ಕೂಡಿಸಿ ಬೆಲ್ಟ್ ತೆಗೆದೆ. ಆಯಿಲ್ ಕುಡಿದ ಬೆಲ್ಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ, ಒಳಗೆ ಇಳಿದದ್ದು ಹೊರಗೆ ಬರುವುದಿಲ್ಲ. ಶಾಫ್ಟಿಗೆ ಗೀರು ಬೀಳದಂತೆ ಹಳೆ ಸೀಲು ಎಬ್ಬಿಸಿ, ಹೊಸದರ ತುಟಿಗೆ ಆಯಿಲ್ ಸವರಿ, ಸರಿ ಅಳತೆಯ ಪೈಪ್ ತುಂಡಿಟ್ಟು ಸುತ್ತಲೂ ಸಮನಾಗಿ ಕೂರಿಸಿದೆ. ಪುಲ್ಲಿಯ ಹಲ್ಲುಗಳ ಸಂದಿಯನ್ನು ಬ್ರಶ್ಶಿನಿಂದ ಉಜ್ಜಿ, ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಿದೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರಿಗೆ ಕ್ಲೀನರ್ ಹೊಡೆಯಬಾರದು, ಬೇರಿಂಗಿನ ಗ್ರೀಸ್ ತೊಳೆದುಹೋಗುತ್ತದೆ. ಇಲ್ಲಿ ಅದೂ ನೆನೆದಿತ್ತು, ಬದಲಿಸಿದೆ. ಹೊಸ ಬೆಲ್ಟ್ ಹಾಕಿ, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿದೆ.

ಕೊನೆಗೆ ಎಂಜಿನ್ನಿನ ಹೊರಮೈ ಒರೆಸಿ, ಸಂಶಯದ ಜಾಗಗಳಿಗೆಲ್ಲ ಮುಖಕ್ಕೆ ಹಾಕುವ ಪೌಡರ್ ಉದುರಿಸಿ, ಆಲೂರಿನವರೆಗೆ ಓಡಿಸಿಕೊಂಡು ಬಂದೆ. ಹನಿ ಬಂದರೆ ಬಿಳಿ ಪೌಡರಿನ ಮೇಲೆ ಕಪ್ಪು ಗೆರೆ ಎದ್ದು ಕಾಣುತ್ತದೆ. ಒಂದೂ ಇರಲಿಲ್ಲ.

ಒಂದು ಮಾತು ಕೇಳಿಕೊಳ್ಳುತ್ತೇನೆ. ಸೋರುವ ಗಾಡಿಯನ್ನು ಹಳ್ಳಕ್ಕಿಳಿಸಿ ತೊಳೆಯಬೇಡಿ. ಇಲ್ಲಿನ ಹಳ್ಳಗಳು ಸೇರುವುದು ಹೇಮಾವತಿಯನ್ನು. ಅದೇ ನೀರು ಗೊರೂರು ಅಣೆಕಟ್ಟೆ ದಾಟಿ ಕಾವೇರಿಗೆ ಹೋಗುತ್ತದೆ. ಹಳೆ ಆಯಿಲ್ಲನ್ನು ಕ್ಯಾನಿನಲ್ಲಿ ಹಿಡಿದು ಅದನ್ನು ಮರುಬಳಕೆಗೆ ಕೊಳ್ಳುವ ಪರವಾನಗಿ ಇರುವವರಿಗೇ ಕೊಡಿ. ಇನ್ನೊಂದು: ಬೆಲ್ಟ್ ಬದಲಿಸಿದ ದಿನ, ಸೀಲೂ ಬದಲಾಗಿದೆಯೆಂದು ಖಾತ್ರಿಯಾಗಲು, ಬಿಚ್ಚಿದ ಹಳೆ ಸೀಲುಗಳನ್ನು ನಿಮ್ಮ ಕೈಗೆ ಕೊಡುವಂತೆ ಮೇಸ್ತ್ರಿಯನ್ನು ಕೇಳಿ.