ಗೀರಾವುದು, ಅಕ್ಷರವಾವುದು?

ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋದವರು ಪ್ರಣವೇಶ್ವರ ದೇಗುಲದೆದುರಿನ ಕಂಬದ ಮುಂದೆ ನಿಲ್ಲದೆ ಬರಲಾರರು. ಕುಬ್ಜ ಕವಿಯ ಕದಂಬ ವೃತ್ತಾಂತ ಅದರ ಮೇಲೆ ಮೂಡಿ ಹದಿನೈದು ಶತಮಾನಗಳು ಸಂದಿವೆ. ಈ ತಾಲ್ಲೂಕಿನ ಶಾಸನಗಳನ್ನು 1902ರಲ್ಲಿಯೂ ಸೊರಬದವನ್ನು 1904ರಲ್ಲಿಯೂ ರೈಸ್ ಅವರು ಸಂಪುಟಗಳಾಗಿ ಪ್ರಕಟಿಸಿದರು. ಶಾಸನವನ್ನೋದುವವನಿಗೆ ಮೊದಲ ತೊಡಕು ಭಾಷೆಯದಲ್ಲ. ಮಳೆಗಾಳಿ ಎಳೆದ ಗೀರಾವುದು, ರೂವಾರಿ ಕೊರೆದ ಅಕ್ಷರವಾವುದು ಎಂದು ಬೇರ್ಪಡಿಸುವುದು. ಆಕಾಶವನ್ನೋದುವವರಿಗೂ ಇದೇ ತೊಡಕುಂಟು.

ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿಯೇ, ಸುಮಾರು 4,270 ಮೀಟರ್ ಎತ್ತರದಲ್ಲಿ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ನಿರ್ಮಿತವಾದ ‘ಮೇಸ್’ ದೂರದರ್ಶಕ 2024ರ ಅಕ್ಟೋಬರ್ 4ರಂದು ಉದ್ಘಾಟನೆಗೊಂಡಿತು. ಅದರ ಕನ್ನಡಿಯ ವ್ಯಾಸ 21 ಮೀಟರ್. ಅದು ಅರಸುವುದು ಗ್ಯಾಮಾ ಕಿರಣಗಳನ್ನು. ಆದರೆ ಅವು ನೆಲ ಮುಟ್ಟುವುದಿಲ್ಲ. ವಾಯುಮಂಡಲದಲ್ಲಿ ಒಡೆದು ಕಣಗಳ ಸೋನೆಯಾಗುತ್ತವೆ. ಗಾಳಿಯಲ್ಲಿ ಬೆಳಕಿಗಿರುವ ವೇಗವನ್ನೂ ಮೀರಿ ಧಾವಿಸುವ ಆ ಕಣಗಳು ಮಂದವಾದ ನೀಲಿ ಬೆಳಕನ್ನು ಸೂಸುತ್ತವೆ. ಅದರ ಆಯುಷ್ಯ ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲು!

ಇಷ್ಟರೊಳಗೆ ಚಿತ್ರ ಹಿಡಿಯಬೇಕಾದ ಮೇಸ್ ಕ್ಯಾಮೆರಾದಲ್ಲಿ 1,088 ಫೋಟೊಮಲ್ಟಿಪ್ಲಯರ್ ನಳಿಗೆಗಳಿವೆ. ಒಂದೊಂದೂ ಬೆಳಕಿನ ಕಣವನ್ನು ಎಲೆಕ್ಟ್ರಾನಾಗಿಸಿ, ಅದನ್ನು ಸಾವಿರಾರು ಪಾಲು ಹೆಚ್ಚಿಸುತ್ತದೆ. ಒಂಟಿ ನಳಿಗೆ ಮಿನುಗಿದರೆ ಕ್ಯಾಮೆರಾ ನಂಬದು. ನೆರೆಯವೂ ಏಕಕಾಲಕ್ಕೆ ಮಿನುಗಬೇಕು. ಹೀಗೆ ಹಿಡಿದ ಚಿತ್ರಗಳಲ್ಲಿಯೂ ಬಹುಪಾಲು ವಿಶ್ವಕಿರಣಗಳ ಗೀರುಗಳೇ. ಅವುಗಳ ಬಿಂಬ ಹರಡಿಕೊಂಡು ಅಡ್ಡಾದಿಡ್ಡಿಯಾಗಿರುತ್ತದೆ. ಗ್ಯಾಮಾ ಕಿರಣದ್ದು ಸಣ್ಣಗೆ, ನೀಳವಾಗಿ ಅಂಡಾಕಾರದಲ್ಲಿರುತ್ತದೆ. ಈ ಭೇದವನ್ನು ಅಳೆಯುವ ಕ್ರಮವನ್ನು 1985ರಲ್ಲಿ ಹಿಲಾಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಅದರ ಬಲದಿಂದ 1989ರಲ್ಲಿ ಅಮೆರಿಕದ ವಿಪಲ್ ದೂರದರ್ಶಕವು ಕೇವಲ 37 ನಳಿಗೆಗಳ ಕ್ಯಾಮೆರಾದಿಂದ ಏಡಿ ನೀಹಾರಿಕೆಯ ಗ್ಯಾಮಾ ಕಿರಣಗಳನ್ನು ಖಚಿತವಾಗಿ ಗುರುತಿಸಿತು. ಚೀನೀಯರು 1054ರಲ್ಲಿ ಕಂಡು ಬರೆದಿಟ್ಟ ನಕ್ಷತ್ರಸ್ಫೋಟದ ಅವಶೇಷವದು. ನಮ್ಮ ಬಳ್ಳಿಗಾವೆ ಬನವಾಸಿ ನಾಡಿನ ರಾಜಧಾನಿಯಾಗಿ ಮೆರೆಯುತ್ತಿದ್ದ ಕಾಲ ಅದು.

ಇಷ್ಟು ಶ್ರಮವೇಕೆ? ವಿದ್ಯುದಾವೇಶವುಳ್ಳ ವಿಶ್ವಕಿರಣಗಳು ಅಂತರಿಕ್ಷದ ಕಾಂತಕ್ಷೇತ್ರಗಳಲ್ಲಿ ದಾರಿ ತಿರುಗಿ ತವರನ್ನು ಮರೆಸಿಬಿಡುತ್ತವೆ. ಗ್ಯಾಮಾ ಕಿರಣ ಮಾತ್ರ ನೇರವಾಗಿ ಬಂದು ಹುಟ್ಟಿದೆಡೆಯನ್ನು ಹೇಳುತ್ತದೆ. ಸಾವಿರಾರು ಗೀರುಗಳ ನಡುವೆ ಆ ಒಂದು ಅಕ್ಷರವನ್ನು ಕಳೆದುಕೊಂಡರೆ ವಿಳಾಸವೇ ಹೋದಂತೆ.

ಸೊರಬದ ಮಳೆಗಾಲದ ಮೋಡದಡಿಯಲ್ಲಿ ಇಂತಹ ದೂರದರ್ಶಕವನ್ನು ನಿಲ್ಲಿಸುವಂತಿಲ್ಲ. ಆದರೆ ಅದಕ್ಕೆ ಬೇಕಾದ ಕಣ್ಣನ್ನು ಇಲ್ಲಿಯೇ ಪಳಗಿಸಬಹುದು. ವಿಜ್ಞಾನದ ವಿದ್ಯಾರ್ಥಿಗಳೂ ಒಮ್ಮೆ ತಾಳಗುಂದದ ಕಂಬವನ್ನು ಓದಲು ಯತ್ನಿಸಲಿ.