ಚುಕ್ಕಿ ಬಿದ್ದಲ್ಲೆಲ್ಲ ಹುಡುಕಿದವರಿದ್ದರು

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಕೌಂಟಿಯಲ್ಲಿ ಒಳ್ಳೆಯ ಕೀಟನೆಲೆಗಳಿವೆ, ನಿಜ. ಅಷ್ಟೇ ಒಳ್ಳೆಯ ನೆಲೆಗಳು ಸುತ್ತಮುತ್ತಲ ಕೌಂಟಿಗಳಲ್ಲೂ ಇವೆ. ಆದರೂ ಬ್ರಿಟನ್ನಿನ ಇಕ್‌ನ್ಯೂಮನ್ ಎಂಬ ಪರಾವಲಂಬಿ ಕಣಜಗಳ ಹಳೆಯ ದಾಖಲೆಗಳನ್ನು ತಿರುವಿ ಹಾಕಿದರೆ ಸಫೋಕ್ ಹೆಸರು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಇದಕ್ಕೆ ಕಾರಣ ಅಲ್ಲಿನ ಮಣ್ಣೂ ಅಲ್ಲ, ಹವೆಯೂ ಅಲ್ಲ. ಕ್ಲಾಡ್ ಮಾರ್ಲಿ ಎಂಬ ಒಬ್ಬ ಮನುಷ್ಯ. 1874ರಲ್ಲಿ ಹುಟ್ಟಿ 1951ರಲ್ಲಿ ತೀರಿಕೊಂಡ ಈತ ಮಂಕ್ ಸೋಹಮ್ ಎಂಬ ಸಫೋಕ್‌ನ ಹಳ್ಳಿಯಲ್ಲಿ ನೆಲೆಸಿದ್ದ. ಸುತ್ತಲಿನ ಬೇಲಿ, ಕಾಡು, ಜೌಗುಗಳಲ್ಲಿ ಬಲೆ ಬೀಸಿದ. 1903ರಿಂದ 1914ರ ನಡುವೆ ‘ಇಕ್‌ನ್ಯೂಮನಾಲೊಜಿಯಾ ಬ್ರಿಟಾನಿಕಾ’ ಎಂಬ ಐದು ಸಂಪುಟಗಳ ಗ್ರಂಥ ಬರೆದ. 1929ರಲ್ಲಿ ಸಫೋಕ್ ನಿಸರ್ಗಪ್ರಿಯರ ಸಂಘ ಕಟ್ಟಿದ. ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ 1913ರಲ್ಲಿ ಬಂದ ನಮ್ಮ ಉಪಖಂಡದ ಇಕ್‌ನ್ಯೂಮನ್ ಕಣಜಗಳ ಸಂಪುಟವೂ ಇದೇ ಮಾರ್ಲಿಯದು. ಅವನ ಕಾಲದ ಸಫೋಕ್‌ನಲ್ಲಿ ಕಣಜಗಳು ಹೆಚ್ಚಿದ್ದವೋ ಇಲ್ಲವೋ, ಹುಡುಕುವವನಂತೂ ಇದ್ದ.

ಪರಾವಲಂಬಿ ಕಣಜಗಳ ವ್ಯಾಪ್ತಿಯ ಬಗ್ಗೆ ಬ್ರಿಟನ್ನಿನಲ್ಲಿ ಇಂದು ಏನೇ ಹೇಳಹೊರಟರೂ ಮೊದಲು ಈ ಮಾತನ್ನು ಎದುರಿಸಬೇಕಾಗುತ್ತದೆ. ದಾಖಲೆ ಸಿಕ್ಕ ಜಾಗಕ್ಕೆ ಭೂಪಟದ ಮೇಲಿಡುವ ಚುಕ್ಕಿ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತದೆ: ಕಣಜ ಅಲ್ಲಿತ್ತು, ಮತ್ತು ಅದನ್ನು ಹಿಡಿದು ಗುರುತಿಸಬಲ್ಲವರ ಕೈಗೆ ಅದು ಸೇರಿತು. ಚುಕ್ಕಿ ಇಲ್ಲದ ಜಾಗ ಮಾತ್ರ ಏನನ್ನೂ ಹೇಳುವುದಿಲ್ಲ. ಹೀಗಿರುವಾಗ ಎರಡೋ ಮೂರೋ ಚುಕ್ಕಿಗಳ ಕಣಜಕ್ಕೆ ‘ಅಪರೂಪ’ ಎಂಬ ಹಣೆಪಟ್ಟಿ ಹಚ್ಚುವುದು, ನೂರು ವರ್ಷದಿಂದ ಕಾಣದ್ದನ್ನು ‘ಅಳಿದಿದೆ’ ಎಂದು ಬರೆದುಬಿಡುವುದು ಆತುರದ ತೀರ್ಪು. ಹಾಗೆಂದು ದಾಖಲೆಗಳು ವ್ಯರ್ಥವೆಂದಲ್ಲ. ಮತ್ತೆ ತೆಗೆದು ಪ್ರಶ್ನಿಸಬಹುದಾದ ದಾಖಲೆಗೆ ಬೆಲೆಯಿದೆ, ಪ್ರಶ್ನಿಸಲಾಗದ್ದಕ್ಕೆ ಬೆಲೆ ಬಹಳ ಕಡಿಮೆ ಎಂಬುದು ಈ ಲೇಖನದ ವಾದ.

ಕೆಲಸದ ಗಾತ್ರ ಎಷ್ಟೆಂದು ಮೊದಲು ತಿಳಿಯೋಣ. ಬ್ರಿಟನ್ನಿನಲ್ಲಿ ನೆಲೆಯಾಗಿರುವ ಚಿಟ್ಟೆಗಳು ಅರುವತ್ತರ ಆಸುಪಾಸು. ಅವುಗಳ ಹಿಂದೆ ಬಿದ್ದಿರುವ ಹವ್ಯಾಸಿಗಳು ಸಾವಿರಾರು. ಇಕ್‌ನ್ಯೂಮನ್ ಕುಟುಂಬದ ಕಣಜಗಳೋ, 2016ರಲ್ಲಿ ಪ್ರಕಟವಾದ ಬ್ರಿಟನ್ ಮತ್ತು ಐರ್ಲೆಂಡಿನ ಪಟ್ಟಿಯ ಪ್ರಕಾರ 2,447 ಪ್ರಭೇದಗಳು. 1978ರ ಹಳೆಯ ಪಟ್ಟಿಯ ಬದಲಿಗೆ ಬಂದ ಈ ಪಟ್ಟಿಗೆ ಇನ್ನೂರಕ್ಕೂ ಹೆಚ್ಚು ಹೊಸ ಹೆಸರುಗಳು ಸೇರಿದವು. ಬ್ರಾಕೊನಿಡ್ ಕುಟುಂಬದಲ್ಲಿ 1,300ಕ್ಕೂ ಹೆಚ್ಚು, ಚಾಲ್ಸಿಡ್ ಗುಂಪಿನಲ್ಲಿ 1,700ಕ್ಕೂ ಹೆಚ್ಚು ಪ್ರಭೇದಗಳಿವೆ. ಚಾಲ್ಸಿಡ್‌ಗಳಲ್ಲಿ ಬೇರೆ ಕೀಟದ ಮೊಟ್ಟೆಯೊಳಗೇ ಬೆಳೆದು ಮುಗಿಯುವ, ಮಿಲಿಮೀಟರಿಗೂ ಚಿಕ್ಕ ಗಾತ್ರದ ಜೀವಿಗಳೂ ಇವೆ. ಎಲ್ಲದರ ಬದುಕಿನ ಕ್ರಮ ಸ್ಥೂಲವಾಗಿ ಒಂದೇ: ಹೆಣ್ಣು ಬೇರೊಂದು ಕೀಟದ ಮೈಯೊಳಗೋ ಮೈಮೇಲೋ ಮೊಟ್ಟೆ ಇಡುತ್ತದೆ, ಮರಿಹುಳು ಆ ಆತಿಥೇಯ ಕೀಟವನ್ನು ತಿಂದು ಮುಗಿಸಿ ಹೊರಬರುತ್ತದೆ. ಇಷ್ಟೊಂದು ಪ್ರಭೇದಗಳಲ್ಲಿ ಬಹುಪಾಲನ್ನು ಹೆಸರು ಹಿಡಿದು ಗುರುತಿಸಬಲ್ಲವರು ಬೆರಳೆಣಿಕೆಯ ಮಂದಿ. ರೆಕ್ಕೆಯ ನರಗಳು, ಹೊಟ್ಟೆಯ ಮೊದಲ ಖಂಡದ ಆಕಾರ, ಎದೆಯ ಮೇಲಿನ ಏಣುಗಳು, ಎಲ್ಲವನ್ನೂ ಸೂಕ್ಷ್ಮದರ್ಶಕದಡಿ ನೋಡದೆ ಹೆಸರು ಹೇಳುವಂತಿಲ್ಲ.

ಹುಡುಕಾಟ ಎಷ್ಟು ತೂಗುತ್ತದೆಂಬುದಕ್ಕೆ ಲೆಸ್ಟರ್ ನಗರದ ಒಂದು ಮನೆಯ ಹಿತ್ತಲಿಗಿಂತ ಗಟ್ಟಿ ಸಾಕ್ಷಿ ಸಿಗಲಾರದು. ಜೆನ್ನಿಫರ್ ಓವನ್ ಎಂಬ ಪ್ರಾಣಿಶಾಸ್ತ್ರಜ್ಞೆ 1972ರಿಂದ ಮೂವತ್ತು ವರ್ಷ ತಮ್ಮ ಹೂಗಿಡ, ತರಕಾರಿ ಮಡಿಗಳ ನಡುವಣ ಜೀವಿಗಳ ಲೆಕ್ಕ ಇಟ್ಟರು. ಅವರು ಬಳಸಿದ ಮುಖ್ಯ ಸಾಧನ ಮಲೇಸ್ ಬಲೆ. ಸ್ವೀಡನ್ನಿನ ರೆನೆ ಮಲೇಸ್ 1930ರ ದಶಕದಲ್ಲಿ ರೂಪಿಸಿದ ಡೇರೆಯಂಥ ಬಲೆ ಅದು. ಹಾರುವ ಕೀಟ ಬಟ್ಟೆಯ ಗೋಡೆಗೆ ತಗುಲಿದರೆ ಮೇಲಕ್ಕೇ ಹತ್ತುತ್ತದೆ, ಹತ್ತುತ್ತಾ ತುದಿಯಲ್ಲಿರುವ ಸೀಸೆಗೆ ಬೀಳುತ್ತದೆ. ಓವನ್ ಆ ಹಿತ್ತಲಲ್ಲಿ ಒಟ್ಟು 2,673 ಬಗೆಯ ಗಿಡ, ಪ್ರಾಣಿಗಳನ್ನು ದಾಖಲಿಸಿದರು. ಅದರಲ್ಲಿ ಇಕ್‌ನ್ಯೂಮನ್ ಕಣಜಗಳೇ 500ಕ್ಕೂ ಹೆಚ್ಚು. ಎಂದರೆ ಇಡೀ ದ್ವೀಪಸಮೂಹದ ಪಟ್ಟಿಯ ಐದರಲ್ಲೊಂದು ಭಾಗ ಒಂದು ಊರಮನೆಯ ಬೇಲಿಯೊಳಗೆ! ಕೆಲವು ಬ್ರಿಟನ್ನಿಗೇ ಹೊಸವು, ಕೆಲವು ವಿಜ್ಞಾನಕ್ಕೇ ಹೊಸವು. ಲೆಸ್ಟರ್‌ನ ಮಣ್ಣಿನಲ್ಲಿ ಮಾಯೆಯಿತ್ತೆಂದು ಯಾರೂ ನಂಬುವುದಿಲ್ಲ. ಅದೇ ಬಲೆ ಪಕ್ಕದ ಬೀದಿಯಲ್ಲಿ ನಿಂತಿದ್ದರೂ ಹೆಚ್ಚುಕಡಿಮೆ ಅಷ್ಟೇ ಬೀಳುತ್ತಿತ್ತು. ಇನ್ನೂ ಒಂದು ಸಂಗತಿಯಿದೆ: ಆ ಕಣಜಗಳನ್ನು ಗುರುತಿಸುವ ಕೆಲಸದಲ್ಲಿ ಓವನ್ ಜೊತೆಗಿದ್ದವರು ಅಮೆರಿಕದ ಹೆನ್ರಿ ಟೌನ್ಸ್ ಮತ್ತು ಮಾರ್ಜೊರಿ ಟೌನ್ಸ್. ಅಟ್ಲಾಂಟಿಕ್‌ನ ಆಚೆ ದಡದ ತಜ್ಞರು ನೆರವಾಗದಿದ್ದರೆ ಲೆಸ್ಟರ್‌ನ ಬಹಳಷ್ಟು ಚುಕ್ಕಿಗಳು ಸೀಸೆಯ ಮದ್ಯಸಾರದಲ್ಲೇ ಉಳಿದುಬಿಡುತ್ತಿದ್ದವು.

ದಾಖಲೆಯನ್ನು ಜಾಗಕ್ಕೆ ಕಟ್ಟುವ ವಿಧಾನದಲ್ಲಿ ಬ್ರಿಟನ್ ಜಾಣತನ ತೋರಿದೆ. 1852ರಲ್ಲಿ ಎಚ್. ಸಿ. ವಾಟ್ಸನ್ ಎಂಬ ಸಸ್ಯಶಾಸ್ತ್ರಜ್ಞ ಗ್ರೇಟ್ ಬ್ರಿಟನ್ನನ್ನು 112 ‘ವೈಸ್-ಕೌಂಟಿ’ಗಳಾಗಿ ವಿಂಗಡಿಸಿದ. ಸರ್ಕಾರಗಳು ಜಿಲ್ಲೆಗಳ ಗಡಿ ಎಷ್ಟು ಸಲ ಬದಲಿಸಿದರೂ ಇವು ಕದಲುವುದಿಲ್ಲ. ದೇಶದ ಜೀವಿ ದಾಖಲಾತಿ ಕೇಂದ್ರ 1964ರಲ್ಲಿ ಆರಂಭವಾದ ಮಂಕ್ಸ್ ವುಡ್ ಆಗ ಹಂಟಿಂಗ್ಡನ್‌ಷೈರ್‌ನಲ್ಲಿತ್ತು. 1974ರ ಮರುವಿಂಗಡಣೆಯಲ್ಲಿ ಕೇಂಬ್ರಿಜ್‌ಷೈರ್‌ಗೆ ಸೇರಿಹೋಯಿತು. ಕೀಟದ ಚೀಟಿಯಲ್ಲಿ ಅದು ಈಗಲೂ ಹಂಟಿಂಗ್ಡನ್‌ಷೈರೇ. ಇದರ ಜೊತೆಗೆ ಹತ್ತು ಕಿಲೋಮೀಟರ್ ಚೌಕದ ಭೂಪಟಗಳು ಬಂದವು. ಹಳೆಯ ದಾಖಲೆಗೆ ಟೊಳ್ಳು ವೃತ್ತ, ಹೊಸದಕ್ಕೆ ತುಂಬಿದ ಚುಕ್ಕಿ. ಕಣ್ಣಿಗೆ ಅಂದವಾದ ಪದ್ಧತಿ. ಆದರೆ ನೂರು ಚದರ ಕಿಲೋಮೀಟರಿನ ಚೌಕದಲ್ಲಿ ಯಾರೋ ರೈಲು ಬದಲಿಸುವ ನಡುವೆ ಹಿಡಿದ ಒಂದೇ ಕಣಜಕ್ಕೂ, ಮೂವತ್ತು ವರ್ಷ ನಿಂತ ಬಲೆಗೂ ಸಿಗುವುದು ಒಂದೊಂದೇ ಚುಕ್ಕಿ. ಹುಡುಕಿಯೂ ಸಿಗದಿದ್ದುದಕ್ಕೆ ಈ ಪದ್ಧತಿಯಲ್ಲಿ ಗುರುತೇ ಇಲ್ಲ. ಚಿಟ್ಟೆಗಳ ವಿಷಯದಲ್ಲಿ ಈ ಕೊರತೆ ಅಷ್ಟು ಕಾಡದು, ಏಕೆಂದರೆ ಅಲ್ಲಿ ಬಹುತೇಕ ಪ್ರತಿ ಚೌಕವನ್ನೂ ಯಾರಾದರೂ ತುಳಿದಿರುತ್ತಾರೆ. ಕಣಜಗಳ ಭೂಪಟಕ್ಕೆ ಅದು ಮೂಲದ ದೋಷ.

ಕಣಜದ ಆಹಾರ ಮತ್ತೊಂದು ಕೀಟವೇ ಆದ್ದರಿಂದ ಈ ಖಾಲಿ ಜಾಗಗಳನ್ನು ಒಂದಷ್ಟು ಪರೀಕ್ಷಿಸಲು ದಾರಿಯಿದೆ. ಲಿಸ್ಟ್ರೊಡ್ರೋಮಸ್ ನಿಕ್ತೆಮೆರಸ್ ಎಂಬ ಇಕ್‌ನ್ಯೂಮನ್ ಬ್ರಿಟನ್ನಿನಲ್ಲಿ ಹಾಲಿ ಬ್ಲೂ ಚಿಟ್ಟೆಯನ್ನೇ ನಂಬಿ ಬದುಕುತ್ತದೆ. ಹುಳುವಿಗೆ ಮೊಟ್ಟೆ ಇಟ್ಟರೆ ಚಿಟ್ಟೆಯ ಕೋಶದಿಂದ ಕಣಜ ಹೊರಡುತ್ತದೆ. ಮಾರ್ಷ್ ಫ್ರಿಟಿಲರಿ ಚಿಟ್ಟೆಯ ಹುಳುವಿಗೆ ಕೊಟೇಸಿಯಾ ಬಿಗ್ನೆಲಿ ಎಂಬ ಪುಟ್ಟ ಬ್ರಾಕೊನಿಡ್ ಇದೆ. ಚಿಟ್ಟೆ ಇಲ್ಲದ ಕಡೆ ಈ ಕಣಜಗಳು ಇರಲಾರವು. ಹೀಗಾಗಿ ಚಿಟ್ಟೆಯ ಭೂಪಟ ಕಣಜದ ಹೊರಗಡಿಯನ್ನು ಹಾಕಿಕೊಡುತ್ತದೆ. ಆ ಗಡಿಯೊಳಗೆ ಎಷ್ಟು ಹುಳು ಸಾಕಿದರೆ ಎಷ್ಟರಲ್ಲಿ ಕಣಜ ಬಂತು ಎಂದು ಎಣಿಸಿದರೆ ಅದು ನಿಜವಾದ ಮಾಹಿತಿ. ಅಲ್ಲಿ ‘ಸಿಗಲಿಲ್ಲ’ ಎಂಬ ಮಾತಿಗೂ ಅರ್ಥ ಬರುತ್ತದೆ. ಮಾರ್ಷ್ ಫ್ರಿಟಿಲರಿಯ ನೆಲೆಗಳು ಕುಗ್ಗುತ್ತಿವೆ ಎಂಬುದು ಎಲ್ಲರಿಗೂ ಗೊತ್ತು. ಚಿಟ್ಟೆ ಇನ್ನೂ ಉಳಿದ ತುಂಡು ಹುಲ್ಲುಗಾವಲಿನಿಂದ ಅದರ ಕಣಜ ಮೊದಲೇ ಕಾಣೆಯಾಗಬಹುದು. ಚಿಟ್ಟೆಯನ್ನು ಉಳಿಸಹೊರಟವರು ಅದರ ಕಣಜವನ್ನು ಶತ್ರುವೆಂದು ಬಗೆದು ಲೆಕ್ಕದಿಂದ ಬಿಡುವುದು ಅನ್ಯಾಯ. ಎರಡರಲ್ಲಿ ಹೆಚ್ಚು ಅಪಾಯದಲ್ಲಿರುವುದು ಕಣಜವೇ.

ಹುಳು ಸಾಕಿ ಪಡೆದ ದಾಖಲೆಯ ಒಳಗೂ ಮೋಸವಿದೆ. ಒಂದು ಎಲೆಯ ಮೇಲಿನ ದೊಡ್ಡ ಹುಳುವನ್ನು ಡಬ್ಬಿಯಲ್ಲಿಟ್ಟಿರಿ ಎನ್ನಿ. ಅದೇ ಎಲೆಯ ಮಡಿಕೆಯಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಚಿಕ್ಕ ಹುಳು ಅಡಗಿರುತ್ತದೆ. ಕಣಜ ಬಂದದ್ದು ಚಿಕ್ಕದರಿಂದ, ಪುಸ್ತಕಕ್ಕೆ ಹೋದದ್ದು ದೊಡ್ಡದರ ಹೆಸರು. ಹಿಂದಿನ ಪಟ್ಟಿಗಳಲ್ಲಿ ಇಂಥ ತಪ್ಪು ಆತಿಥೇಯರು ತುಂಬಿಹೋಗಿದ್ದಾರೆ. ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡು ಬಂದದ್ದರಿಂದ ಅವು ಸತ್ಯದಂತೆ ಕಾಣುತ್ತವೆ. ಎಡಿನ್‌ಬರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮಾರ್ಕ್ ಶಾ ದಶಕಗಳಿಂದ ಒತ್ತಿ ಹೇಳುತ್ತ ಬಂದದ್ದು ಇದಕ್ಕೆ ಮದ್ದು: ಪ್ರತಿ ಹುಳುವನ್ನೂ ಬೇರೆ ಬೇರೆಯಾಗಿ ಸಾಕಿ, ಕಣಜ ಹೊರಬಂದ ಮೇಲೆ ಅದರ ಗೂಡನ್ನೂ ಸತ್ತ ಹುಳುವಿನ ಒಣ ಚರ್ಮವನ್ನೂ ಎಸೆಯದೆ ಕಣಜದ ಜೊತೆಗೇ ಇಡಿ. ಅಂಥದೊಂದು ಮಾದರಿಯಲ್ಲಿ ಮೇಲೆ ಕಣಜ, ಅದರ ಕೆಳಗೆ ಉಗುರಿನಷ್ಟು ಸುಕ್ಕಿದ ಚರ್ಮ, ಅದರಡಿ ಊರು, ದಿನಾಂಕ, ಗಿಡದ ಹೆಸರು ಬರೆದ ಚೀಟಿ, ಎಲ್ಲವೂ ಜೊತೆಗಿರುತ್ತವೆ. ಐವತ್ತು ವರ್ಷದ ಮೇಲೆ ಅನುಮಾನ ಬಂದವರು ಬರೆದವರ ಮಾತನ್ನು ನಂಬಬೇಕಿಲ್ಲ, ಚರ್ಮವನ್ನೇ ನೋಡಬಹುದು.

ಚೀಟಿಯ ದಿನಾಂಕ ಎಷ್ಟು ಕೆಲಸ ಮಾಡುತ್ತದೆಂಬುದಕ್ಕೆ ಓಫಿಯಾನ್ ಕುಲದ ಕಣಜಗಳೇ ಸಾಕ್ಷಿ. ಕಿತ್ತಳೆ ಬಣ್ಣ, ಉದ್ದ ಮೀಸೆ, ಬಾಗಿದ ಹೊಟ್ಟೆ. ಪತಂಗ ಹಿಡಿಯುವವರ ದೀಪದ ಬಲೆಗೆ ರಾತ್ರಿ ಬಂದು ಬೀಳುವ ಇವನ್ನು ಬಹಳ ಕಾಲ ‘ಓಫಿಯಾನ್ ಲೂಟಿಯಸ್’ ಎಂದೇ ಬರೆಯುತ್ತಿದ್ದರು. ಒಂದನ್ನೊಂದು ಹೋಲುವ ಹಲವು ಪ್ರಭೇದಗಳು ಆ ಒಂದೇ ಹೆಸರಿನಡಿ ಸೇರಿಕೊಂಡಿದ್ದವು ಎಂಬುದು ತಡವಾಗಿ ತಿಳಿಯಿತು. ನಿಜವಾದ ಲೂಟಿಯಸ್ ಹಾರುವುದು ಆಗಸ್ಟ್ ನಡುವಿನಿಂದ ಶರತ್ಕಾಲದವರೆಗೆ. ಹಾಗಾದರೆ ಏಪ್ರಿಲ್ ತಿಂಗಳ ಲೂಟಿಯಸ್ ದಾಖಲೆಯೆಲ್ಲ ತಪ್ಪು. ಅವು ಬೇರೆ ಯಾವುದೋ, ಬಹುಶಃ ವಸಂತದಲ್ಲಿ ಹಾರುವ ಓಫಿಯಾನ್ ಸ್ಕ್ಯುಟೆಲ್ಲಾರಿಸ್. ಮಾದರಿ ಉಳಿದಿದ್ದರೆ ಹೆಸರು ತಿದ್ದಿ ಹೊಸ ಚುಕ್ಕಿ ಇಡಬಹುದು. ಬರೀ ಪುಸ್ತಕದ ಸಾಲು ಉಳಿದಿದ್ದರೆ ಮಾಡಬಹುದಾದದ್ದು ಅದನ್ನು ಅಳಿಸುವುದು ಮಾತ್ರ.

ಇದಕ್ಕೆ ಇಂದು ಬರುವ ಮೊದಲ ಆಕ್ಷೇಪ, ಕೊಂದು ಸೂಜಿಗೆ ಚುಚ್ಚುವ ಕಾಲ ಮುಗಿಯಿತು, ಒಳ್ಳೆಯ ಫೋಟೊ ಸಾಕು ಎನ್ನುವುದು. ಕೆಲವಕ್ಕೆ ಸಾಕು, ಒಪ್ಪೋಣ. ಡೈನೊಕ್ಯಾಂಪಸ್ ಕಾಕ್ಸಿನೆಲ್ಲೀ ಎಂಬ ಕಣಜದ ಮರಿಹುಳು ಗುಲಗಂಜಿ ಹುಳುವಿನ ಮೈಯಿಂದ ಹೊರಬಂದು ಅದರ ಕಾಲುಗಳ ನಡುವೆ ಗೂಡು ನೇಯುತ್ತದೆ. ಗೂಡಿನ ಮೇಲೆ ಕಾವಲಿನವರಂತೆ ಕೂತ ಗುಲಗಂಜಿಯ ಚಿತ್ರ ಮೊಬೈಲಿನಲ್ಲಿ ತೆಗೆದರೂ ತಪ್ಪಾಗದು. ಸಾವಿರಾರು ಜನ ಕಳಿಸುವ ಇಂಥ ಚಿತ್ರಗಳಿಂದ ಬರುವ ವ್ಯಾಪ್ತಿಯ ಚಿತ್ರಣ ಯಾವ ಸಂಗ್ರಹಾಲಯಕ್ಕೂ ಸಾಧ್ಯವಾಗದ್ದು. ಆದರೆ ಫೋಟೊಗೆ ಒಗ್ಗುವುದು ದೊಡ್ಡ, ಬಣ್ಣದ, ಹೂವಿಗೆ ಬಂದು ಕೂರುವ ಕೆಲವೇ ಕಣಜಗಳು. ಮಾರ್ಲಿಯ ಹಳ್ಳಿಯ ಬದಲು ಈಗ ನಗರದ ಉದ್ಯಾನಗಳಲ್ಲಿ ಚುಕ್ಕಿ ಒತ್ತೊತ್ತಾಗುತ್ತದೆ, ಅಷ್ಟೇ. ಕೊಲ್ಲುವುದು ತಪ್ಪಲ್ಲವೇ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಿಲ್ಲ. ಬಲೆಯಿಂದ ಕಣಜಗಳ ಸಂತತಿ ನಶಿಸಿತೆನ್ನಲು ಆಧಾರವಿಲ್ಲ. ಅವು ನೆಲೆ ಕಳೆದುಕೊಳ್ಳುವುದು ಉಳುಮೆಗೆ, ಕಟ್ಟಡಕ್ಕೆ, ಕೀಟನಾಶಕಕ್ಕೆ. ಓವನ್ ಮೂವತ್ತು ವರ್ಷ ದಾಖಲಿಸಿದ ಹಿತ್ತಲೂ ಬರಿದಾಗಲಿಲ್ಲ. ಆದರೆ ಬಲೆ ನಿಲ್ಲಿಸಿ, ಸಾವಿರಾರು ಕೀಟ ಕೊಂದು, ನೋಡುವವರಿಲ್ಲದೆ ಸೀಸೆಗಳನ್ನು ಕಪಾಟಿಗೆ ಸೇರಿಸುವುದನ್ನು ಯಾವ ವಿಜ್ಞಾನದ ಹೆಸರಿನಲ್ಲೂ ಸಮರ್ಥಿಸಲಾಗದು. ಗುರುತಿಸಲು ಕೈಯಿಲ್ಲದವರು ಬಲೆ ಹಾಕಬಾರದು.

ಡಿಎನ್ಎ ಪರೀಕ್ಷೆ ಎಲ್ಲವನ್ನೂ ಬಗೆಹರಿಸುತ್ತದೆ ಎಂಬುದು ಇನ್ನೊಂದು ವಾದ. ಒಂದೇ ಹೆಸರಿನಡಿ ಅಡಗಿದ್ದ ಪ್ರಭೇದಗಳನ್ನು ಅದು ಬಯಲಿಗೆಳೆಯುತ್ತಿರುವುದು ದೊಡ್ಡ ಉಪಕಾರ. ಆದರೆ ಡಿಎನ್ಎ ಕೊಡುವುದು ಅಕ್ಷರಗಳ ಸರಣಿ. ಆ ಸರಣಿಗೆ ಹೆಸರು ಬರಬೇಕಾದರೆ ತಜ್ಞರು ಸರಿಯಾಗಿ ಗುರುತಿಸಿದ ಒಂದು ಮಾದರಿ ಎಲ್ಲೋ ಇರಲೇಬೇಕು. ಇಡೀ ಸೀಸೆಯನ್ನು ಅರೆದು ಪಟ್ಟಿ ತೆಗೆದರೆ ಯಾವ ಕಣಜ ಯಾವ ಹುಳುವಿನಿಂದ ಬಂತೆಂಬುದು ಅಲ್ಲಿಗೆ ಕಳೆದುಹೋಯಿತು.

ಇಷ್ಟೆಲ್ಲ ಯಾರಿಗೆ ಬೇಕು ಎನ್ನುವವರಿಗೆ, ಗಂಟುಕಣಜಗಳ ಮರಿ ಒಳಗೆ ಬೆಳೆಯುವ ಓಕ್ ಮರದ ಗಂಟುಗಳನ್ನು ತೋರಿಸಬೇಕು. ಕಳೆದ ಶತಮಾನದ ನಡುಭಾಗದಲ್ಲಿ ಬ್ರಿಟನ್ನಿಗೆ ಬಂದ ನಾಪ್ಪರ್ ಗಂಟುಕಣಜ ಓಕ್ ಕಾಯಿಗಳನ್ನು ವಿಕಾರಗೊಳಿಸತೊಡಗಿದಾಗ ಅದನ್ನು ತಿನ್ನುವ ಪರಾವಲಂಬಿಗಳು ತೀರಾ ವಿರಳವಾಗಿದ್ದವು. ಸಂಶೋಧಕರು ವರ್ಷ ವರ್ಷ ಗಂಟುಗಳನ್ನು ಕೂಡಿಟ್ಟು ಸಾಕಿದ್ದರಿಂದ, ಸ್ಥಳೀಯ ಪರಾವಲಂಬಿ ಕಣಜಗಳು ಒಂದೊಂದಾಗಿ ಈ ಹೊಸ ಆತಿಥೇಯಕ್ಕೆ ಒಗ್ಗಿಕೊಂಡದ್ದು ದಾಖಲಾಯಿತು. 2015ರಲ್ಲಿ ಕೆಂಟ್‌ನಲ್ಲಿ ಚೆಸ್ಟ್‌ನಟ್ ಮರದ ಗಂಟುಕಣಜ ಕಾಣಿಸಿಕೊಂಡಿತು. ಅದನ್ನು ಹತ್ತಿಕ್ಕಲು ಚೀನಾ ಮೂಲದ ಟೊರಿಮಸ್ ಸೈನೆನ್ಸಿಸ್ ಎಂಬ ಪರಾವಲಂಬಿಯನ್ನು 2021ರಲ್ಲಿ ಬಿಡುಗಡೆ ಮಾಡಿದರು. ಇಟಲಿಯಲ್ಲಿ ಈ ಕಣಜ ಓಕ್ ಗಂಟುಗಳಿಗೂ ಬಾಯಿ ಹಾಕಿದ್ದುಂಟು. ಬ್ರಿಟನ್ನಿನ ಓಕ್ ಗಂಟುಗಳಲ್ಲಿ ಮೊದಲು ಯಾರಿದ್ದರು ಎಂಬ ದಾಖಲೆ ಇದ್ದರಷ್ಟೇ ಹೊಸಬ ಯಾರನ್ನು ಓಡಿಸಿದ ಎಂದು ಹೇಳಲಾದೀತು. ಇದು ನಮಗೂ ದೂರದ ಸಂಗತಿಯಲ್ಲ. ಪಪ್ಪಾಯಿಯ ಹಿಟ್ಟುತಿಗಣೆಯನ್ನು ಅಡಗಿಸಲು 2010ರಲ್ಲಿ ಹೊರದೇಶದ ಕಣಜ ತರಿಸಿ ಬಿಟ್ಟದ್ದರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯ ಪಾಲು ದೊಡ್ಡದು.

ಆದ್ದರಿಂದ ಬ್ರಿಟನ್ನಿನ ಸಂರಕ್ಷಣಾ ಪಟ್ಟಿಗಳಲ್ಲಿ ಹೆಚ್ಚಿನ ಪರಾವಲಂಬಿ ಕಣಜಗಳ ಮುಂದೆ ಸದ್ಯಕ್ಕೆ ಬರೆಯಬಹುದಾದ ಪ್ರಾಮಾಣಿಕ ಮಾತು ‘ಮಾಹಿತಿ ಸಾಲದು’ ಎಂಬುದೇ. ಅದನ್ನು ಬದಲಿಸಲು ಬೇಕಾದದ್ದು ಹೊಸ ಬಲೆಗಳಿಗಿಂತ ಹೆಚ್ಚಾಗಿ, ಈಗಾಗಲೇ ಕಪಾಟಿನಲ್ಲಿರುವ ಮಾದರಿಗಳನ್ನು ಕೂತು ಗುರುತಿಸುವ ಹುದ್ದೆಗಳಿಗೆ ಸಂಬಳ. ಬ್ರಿಟನ್ನಿನ ಊರುಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲೂ ಮಕ್ಕಳು ಬೇಸಿಗೆಯಲ್ಲಿ ಹಿತ್ತಲ ಹುಳು ತಂದು ಡಬ್ಬಿಯಲ್ಲಿ ಸಾಕಬಹುದು. ಚಿಟ್ಟೆಯ ಬದಲು ಕಣಜ ಬಂದರೆ ಬೇಸರಪಟ್ಟು ಹೊರಗೆ ಚೆಲ್ಲಬೇಡಿ. ಕಣಜವನ್ನೂ ಉಳಿದ ಹುಳುವಿನ ಚರ್ಮವನ್ನೂ ಒಂದೇ ಪುಟ್ಟ ಸೀಸೆಯಲ್ಲಿಟ್ಟು, ಊರು, ದಿನಾಂಕ, ಹುಳು ತಿನ್ನುತ್ತಿದ್ದ ಗಿಡದ ಹೆಸರು ಪೆನ್ಸಿಲಿನಲ್ಲಿ ಬರೆದ ಚೀಟಿ ಸೇರಿಸಿ ಹತ್ತಿರದ ವಸ್ತುಸಂಗ್ರಹಾಲಯಕ್ಕೆ ತಲುಪಿಸಿ.